ಫ್ಯಾನ್ ತೆಗೆದರೆ ಕಂಪ್ಯೂಟರ್ ಸುಮ್ಮನಾಗುತ್ತದೆ, ಆದರೆ ಅದರ ಬಿಸಿ ಎಲ್ಲಿಗೆ ಹೋಗಬೇಕು?

ಬೇಸಿಗೆ ಬಂತೆಂದರೆ ಕಂಪ್ಯೂಟರ್ ಫ್ಯಾನ್‌ಗಳ ಸದ್ದೂ ಏರುತ್ತದೆ. ಗುಂಡ್ಲುಪೇಟೆಯ ಸ್ಟುಡಿಯೊದಲ್ಲಿ ಕೂತು ಮದುವೆ ವಿಡಿಯೊ ಎಡಿಟ್ ಮಾಡುವವರಿಗೆ, ಚಾಮರಾಜನಗರದ ಬಾಡಿಗೆ ಕೋಣೆಯಲ್ಲಿ ಓದುವ ಎಂಜಿನಿಯರಿಂಗ್ ವಿದ್ಯಾರ್ಥಿಗೆ, ಮನೆಯಲ್ಲೇ ಯೂಟ್ಯೂಬ್‌ಗಾಗಿ ದನಿ ರೆಕಾರ್ಡ್ ಮಾಡುವವರಿಗೆ ಇದು ನಿಜವಾದ ಕಿರಿಕಿರಿ. ಹೆಚ್ಚು ಕೂಗುವುದು ಬಹಳ ಸಲ ಗ್ರಾಫಿಕ್ಸ್ ಕಾರ್ಡಿನ ಮೇಲಿರುವ ಪುಟ್ಟ ಫ್ಯಾನ್.

ಇದಕ್ಕೆ ಮೊಬೈಲ್‌ನಲ್ಲಿ ಸಿಗುವ ಸುಲಭದ ಸಲಹೆ ಎಂದರೆ ಫ್ಯಾನ್ ಕಿತ್ತುಹಾಕಿ ಬರೀ ಹೀಟ್‌ಸಿಂಕ್ ಉಳಿಸಿಕೊಳ್ಳುವುದು. ಸದ್ದಿಲ್ಲ, ಧೂಳಿಲ್ಲ, ಕರೆಂಟೂ ಉಳಿಯುತ್ತದೆ ಎಂಬ ಮೂರು ಭರವಸೆಗಳು ಇದರ ಜೊತೆಗೇ ಬರುತ್ತವೆ. ನಾವು ಲೆಕ್ಕ ಹಾಕಿ ನೋಡಿದರೆ ಮೊದಲನೆಯದು ನಿಜ, ಎರಡನೆಯದು ಅರ್ಧ ನಿಜ, ಮೂರನೆಯದು ಹೇಳಿಕೊಳ್ಳುವಷ್ಟೇ ಇಲ್ಲ. ಈ ಸಲಹೆಗಳು ಹೇಳದೇ ಬಿಡುವ ನಾಲ್ಕನೆಯ ವಿಷಯವೇ ಮುಖ್ಯ: ಆ ಬಿಸಿ ಎಲ್ಲಿಗೆ ಹೋಗಬೇಕು? ಸಾವಿರಾರು ರೂಪಾಯಿ ಕೊಟ್ಟು ಕೊಂಡ ಕಾರ್ಡು ಉಳಿಯುವುದೋ ಹಾಳಾಗುವುದೋ ಎಂಬುದು ಈ ಪ್ರಶ್ನೆಯ ಮೇಲೆ ನಿಂತಿದೆ.

ಹೀಟ್‌ಸಿಂಕ್ ಬಿಸಿಯನ್ನು ನುಂಗುವುದಿಲ್ಲ

ಗ್ರಾಫಿಕ್ಸ್ ಕಾರ್ಡು ಎಳೆದುಕೊಳ್ಳುವ ಕರೆಂಟೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ. 75 ವ್ಯಾಟ್ ಎಳೆಯುವ ಕಾರ್ಡು ಎಂದರೆ 75 ವ್ಯಾಟ್‌ನ ಒಂದು ಹೀಟರ್ ಎಂದೇ ತಿಳಿಯಿರಿ. ಮೊದಲು ಮನೆಗಳಲ್ಲಿದ್ದ 60 ವ್ಯಾಟ್ ಬುರುಡೆ ಬಲ್ಬು ಉರಿಯುತ್ತಿರುವಾಗ ಕೈಯಲ್ಲಿ ಮುಟ್ಟಲು ಆಗುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಿನ ಬಿಸಿ ಇಲ್ಲಿ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ ಚಿಪ್‌ನಿಂದ ಬರುತ್ತದೆ.

ಹೀಟ್‌ಸಿಂಕ್ ಈ ಬಿಸಿಯನ್ನು ಇಲ್ಲವಾಗಿಸುವುದಿಲ್ಲ. ಚಿಕ್ಕ ಜಾಗದಲ್ಲಿ ಹುಟ್ಟಿದ ಬಿಸಿಯನ್ನು ದೊಡ್ಡ ಜಾಗಕ್ಕೆ ಹರಡಿ ಗಾಳಿಗೆ ದಾಟಿಸುವುದಷ್ಟೇ ಅದರ ಕೆಲಸ. ಚಿತ್ರಾನ್ನಕ್ಕೆ ಅನ್ನ ಬೇಗ ಆರಬೇಕೆಂದರೆ ಅದನ್ನು ಪಾತ್ರೆಯಲ್ಲೇ ಬಿಡುವುದಿಲ್ಲ, ಅಗಲ ತಟ್ಟೆಗೆ ಹರಡುತ್ತೇವೆ. ಅನ್ನ ಅಷ್ಟೇ, ಬಿಸಿಯೂ ಅಷ್ಟೇ, ಗಾಳಿಗೆ ತಾಗುವ ಮೈ ಮಾತ್ರ ಹೆಚ್ಚಾಗಿದೆ. ಅಲ್ಯೂಮಿನಿಯಂ ಅಥವಾ ತಾಮ್ರದ ತೆಳು ತಗಡುಗಳನ್ನು ಸಾಲಾಗಿ ನಿಲ್ಲಿಸಿ ಹೀಟ್‌ಸಿಂಕ್ ಮಾಡುವುದೂ ಇದೇ ಕಾರಣಕ್ಕೆ.

ಫ್ಯಾನ್ ಇಲ್ಲದೆ, ಬರೀ ಲೋಹ ಮತ್ತು ತಾನಾಗಿ ಹರಿಯುವ ಗಾಳಿಯಿಂದ ತಣಿಸುವುದನ್ನು ಪ್ಯಾಸಿವ್ ಕೂಲಿಂಗ್ ಎನ್ನುತ್ತಾರೆ. ಇದು ಅಪರೂಪದ್ದೇನಲ್ಲ. ನೀವು ಈ ಲೇಖನ ಓದುತ್ತಿರುವ ಫೋನಿನಲ್ಲೂ ಗ್ರಾಫಿಕ್ಸ್ ಭಾಗ ಇದೆ, ಫ್ಯಾನ್ ಮಾತ್ರ ಇಲ್ಲ. ಬಿಸಿಯೆಲ್ಲ ಫೋನಿನ ಮೈಗೆ ಹರಡಿ ಗಾಳಿಗೆ ಹೋಗುತ್ತದೆ. ಫೋನಿನ ಚಿಪ್ ಕೆಲವೇ ವ್ಯಾಟ್‌ಗಳಲ್ಲಿ ಕೆಲಸ ಮಾಡುವುದರಿಂದ ಇದು ಸಾಧ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಎಂಜಿನಿಯರ್‌ಗಳೂ ಸೇರಿ 2000ದ ದಶಕದ ಆರಂಭದಲ್ಲಿ ರೂಪಿಸಿದ ಕೈಗಣಕ ಸಿಂಪ್ಯೂಟರ್ ಕೂಡ ಫ್ಯಾನ್ ಇಲ್ಲದೇ ನಡೆಯುತ್ತಿತ್ತು. 1996ರಲ್ಲಿ ಬಂದ ವೂಡೂ ಎಂಬ ಹೆಸರಾಂತ ಗೇಮಿಂಗ್ ಕಾರ್ಡಿನ ಚಿಪ್‌ಗಳ ಮೇಲೆ ಫ್ಯಾನ್ ಇರಲಿ, ಹೀಟ್‌ಸಿಂಕೂ ಇರಲಿಲ್ಲ. ಕಡಿಮೆ ವ್ಯಾಟ್ ಇದ್ದರೆ ಮೌನ ಸುಲಭ, ವ್ಯಾಟ್ ಏರಿದಂತೆ ಅದರ ಬೆಲೆಯೂ ಏರುತ್ತದೆ.

ಎ4 ಹಾಳೆಯ ಲೆಕ್ಕ

ಆ ಬೆಲೆ ಎಷ್ಟು? ತಾನಾಗಿ ಹರಿಯುವ ಗಾಳಿಯಲ್ಲಿ ಒಂದು ಚದರ ಮೀಟರ್ ಮೈ, ಗಾಳಿಗಿಂತ ಪ್ರತಿ ಒಂದು ಡಿಗ್ರಿ ಹೆಚ್ಚು ಬಿಸಿಯಿದ್ದಾಗ, ಸುಮಾರು 5ರಿಂದ 10 ವ್ಯಾಟ್ ಬಿಸಿಯನ್ನು ಬಿಟ್ಟುಕೊಡಬಲ್ಲದು. ನಡುವಿನ 7 ವ್ಯಾಟ್ ಎಂದಿಟ್ಟುಕೊಳ್ಳೋಣ. ಹೀಟ್‌ಸಿಂಕ್ ಸುತ್ತಲಿನ ಗಾಳಿಗಿಂತ 40 ಡಿಗ್ರಿ ಹೆಚ್ಚು ಬಿಸಿಯಾಗಬಹುದು ಎಂದು ಒಪ್ಪಿಕೊಂಡರೆ, ಝೆರಾಕ್ಸ್ ಅಂಗಡಿಯ ಎ4 ಹಾಳೆಯ ಅಳತೆಯಲ್ಲಿ ಬೇಕಾಗುವ ಮೈ ಹೀಗಿದೆ:

30 ವ್ಯಾಟ್‌ನ ಕಾರ್ಡಿಗೆ (2017ರ ಜಿಟಿ 1030ರಂಥದು) ಸುಮಾರು 2 ಹಾಳೆ.

75 ವ್ಯಾಟ್‌ನ ಕಾರ್ಡಿಗೆ (2019ರ ಜಿಟಿಎಕ್ಸ್ 1650ರಂಥದು) 4ಕ್ಕಿಂತ ಸ್ವಲ್ಪ ಹೆಚ್ಚು.

450 ವ್ಯಾಟ್‌ನ ಕಾರ್ಡಿಗೆ (2022ರ ಆರ್‌ಟಿಎಕ್ಸ್ 4090) ಸುಮಾರು 26 ಹಾಳೆ.

ಇದು ಒರಟು ಲೆಕ್ಕ. ತಗಡುಗಳನ್ನು ಒತ್ತೊತ್ತಾಗಿ ಜೋಡಿಸಿದರೆ ನಡುವಿನ ಗಾಳಿ ಹರಿಯದೆ ನಿಂತುಬಿಡುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು ಜಾಗ ಬೇಕು. ಆದರೂ ಒಂದು ವಿಷಯ ಸ್ಪಷ್ಟ. ಎರಡು ಹಾಳೆಯಷ್ಟು ಮೈಯನ್ನು ಒಂದು ಪುಟ್ಟ ಕಾರ್ಡಿನ ಮೇಲೆ ಕೂರಿಸಬಹುದು, ಅಂಥ ಫ್ಯಾನ್‌ರಹಿತ ಜಿಟಿ 1030 ಕಾರ್ಡುಗಳನ್ನು ಕಂಪನಿಗಳೇ ಮಾಡಿ ಮಾರಿವೆ. 75 ವ್ಯಾಟ್‌ಗೂ ಪ್ಯಾಲಿಟ್ ಕಂಪನಿ ಕಾಮ್‌ಎಕ್ಸ್ ಹೆಸರಿನಲ್ಲಿ ಫ್ಯಾನ್‌ರಹಿತ ಜಿಟಿಎಕ್ಸ್ 1650 ತಂದಿತ್ತು, ಆದರೆ ಅದರ ಹೀಟ್‌ಸಿಂಕ್ ಸಾಮಾನ್ಯ ಕಾರ್ಡಿನದಕ್ಕಿಂತ ಬಹಳ ದೊಡ್ಡದು. 450 ವ್ಯಾಟ್‌ನದಕ್ಕೆ ಈ ದಾರಿ ಮನೆಯ ಕಂಪ್ಯೂಟರಿನಲ್ಲಿ ಇಲ್ಲವೆಂದೇ ಹೇಳಬೇಕು.

ಇಂಥ ದೊಡ್ಡ ಹೀಟ್‌ಸಿಂಕ್‌ಗಳ ಒಳಗೆ ಹೀಟ್‌ಪೈಪ್ ಎಂಬ ತಾಮ್ರದ ಕೊಳವೆಗಳಿರುತ್ತವೆ. ಮುಚ್ಚಿದ ಕೊಳವೆಯೊಳಗೆ ಚೂರು ದ್ರವ ಇರುತ್ತದೆ. ಚಿಪ್ಪಿನ ಬಳಿ ಅದು ಆವಿಯಾಗಿ, ದೂರದ ತಣ್ಣನೆಯ ತುದಿಯಲ್ಲಿ ಮತ್ತೆ ಹನಿಯಾಗಿ, ಒಳಗಿನ ಬತ್ತಿಯಂಥ ಪದರದ ಮೂಲಕ ವಾಪಸಾಗುತ್ತದೆ. ಇಡ್ಲಿ ಪಾತ್ರೆಯ ಆವಿ ಮುಚ್ಚಳಕ್ಕೆ ತಾಗಿ ಹನಿಯಾಗುವಾಗ ಮುಚ್ಚಳ ಎಷ್ಟು ಸುಡುತ್ತದೆ ಎಂಬುದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಆವಿ ಹೊತ್ತೊಯ್ಯುವ ಬಿಸಿ ಅಷ್ಟು ದೊಡ್ಡದು. ಆದರೆ ಹೀಟ್‌ಪೈಪ್ ಕೂಡ ಸಾಗಿಸುವ ಆಳು ಮಾತ್ರ. ಕೊನೆಗೆ ಬಿಸಿಯನ್ನು ಗಾಳಿಯೇ ಪಡೆಯಬೇಕು.

ಇದೇ ಉಪಾಯ ನಮ್ಮ ಬಂಡೀಪುರದ ಕಾಡಿನಲ್ಲೂ ಇದೆ. ಆನೆಯ ಕಿವಿ ಅಗಲ, ತೆಳು, ತುಂಬ ರಕ್ತನಾಳಗಳಿರುವ ಅಂಗ. ದೊಡ್ಡ ಮೈಯ ಬಿಸಿಯನ್ನು ರಕ್ತ ಕಿವಿಗೆ ತರುತ್ತದೆ, ಕಿವಿ ಅದನ್ನು ಗಾಳಿಗೆ ಬಿಡುತ್ತದೆ. ಆದರೆ ಬಿಸಿಲು ಏರಿದಾಗ ಆನೆ ಕಿವಿಯನ್ನು ಸುಮ್ಮನೆ ಬಿಡುವುದಿಲ್ಲ, ಬೀಸಲು ಶುರುಮಾಡುತ್ತದೆ. ಮೈಯ ಅಗಲವೊಂದೇ ಸಾಲದಾದಾಗ ಗಾಳಿಯನ್ನು ಓಡಿಸಲೇಬೇಕು. ಫ್ಯಾನ್ ಮಾಡುವುದು ಇದನ್ನೇ.

ಇದ್ದ ಫ್ಯಾನ್ ಕಿತ್ತರೆ ಏನಾಗುತ್ತದೆ?

ಫ್ಯಾನ್ ಇಲ್ಲದೆಯೇ ನಡೆಯಲೆಂದು ಮಾಡಿದ ಕಾರ್ಡು ಬೇರೆ, ಫ್ಯಾನ್ ಕಿತ್ತ ಕಾರ್ಡು ಬೇರೆ. ಫ್ಯಾನಿಗಾಗಿ ಮಾಡಿದ ಹೀಟ್‌ಸಿಂಕ್‌ನಲ್ಲಿ ತಗಡುಗಳ ನಡುವೆ ಒಂದೆರಡು ಮಿಲಿಮೀಟರ್ ಸಂದು ಮಾತ್ರ ಇರುತ್ತದೆ, ಏಕೆಂದರೆ ಫ್ಯಾನ್ ಗಾಳಿಯನ್ನು ಬಲವಂತವಾಗಿ ಅದರೊಳಗೆ ನುಗ್ಗಿಸುತ್ತದೆ. ತಾನಾಗಿ ಮೇಲೇರುವ ಗಾಳಿಗೆ ಅಷ್ಟು ಬಲ ಇಲ್ಲ. ಅದಕ್ಕೆ ಅಗಲವಾದ ಸಂದು ಬೇಕು. ಹಾಗಾಗಿ ಫ್ಯಾನ್ ಕಿತ್ತಾಗ ಉಳಿಯುವ ಲೋಹ ನೋಡಲು ಹೀಟ್‌ಸಿಂಕೇ ಆದರೂ, ಅದರ ಒಳಸಂದುಗಳಲ್ಲಿ ಗಾಳಿ ಹೆಚ್ಚುಕಡಿಮೆ ನಿಂತೇ ಇರುತ್ತದೆ.

ಮುಖ್ಯ ಚಿಪ್ ಇದನ್ನು ಸ್ವಲ್ಪಮಟ್ಟಿಗೆ ತಡೆದುಕೊಳ್ಳುತ್ತದೆ. ಅದರಲ್ಲಿ ತಾಪ ಅಳೆಯುವ ಸೆನ್ಸರ್ ಇದ್ದು, ಕಾರ್ಡಿಗೆ ತಕ್ಕಂತೆ ಸುಮಾರು 83ರಿಂದ 95 ಡಿಗ್ರಿ ಮುಟ್ಟಿದಾಗ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ವಿಡಿಯೊ ರೆಂಡರ್ ಆಗಲು ಮೊದಲಿಗಿಂತ ತುಂಬ ಹೊತ್ತು ಹಿಡಿಯುತ್ತದೆ, ಗೇಮ್ ತಡವರಿಸುತ್ತದೆ, ಇನ್ನೂ ಬಿಸಿಯಾದರೆ ಕಂಪ್ಯೂಟರ್ ಆಫ್ ಆಗಬಹುದು. ಹೆಚ್ಚು ಅಪಾಯ ಇರುವುದು ಕಾರ್ಡಿನ ಉಳಿದ ಭಾಗಗಳಿಗೆ. ಮೆಮೊರಿ ಚಿಪ್‌ಗಳು ಮತ್ತು ಕರೆಂಟನ್ನು ಹದಗೊಳಿಸುವ ಭಾಗಗಳು ಅದೇ ಫ್ಯಾನಿನ ಗಾಳಿಯಲ್ಲೇ ತಣಿಯುತ್ತಿರುತ್ತವೆ, ಅವುಗಳ ತಾಪ ಎಷ್ಟೋ ಕಾರ್ಡುಗಳಲ್ಲಿ ಪರದೆಯ ಮೇಲೆ ಕಾಣುವುದೇ ಇಲ್ಲ. ದ್ರವ ತುಂಬಿದ ಕೆಪಾಸಿಟರ್‌ಗಳ ಆಯಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನಲ್ಲಿ ಹಳೆಯ ಲೆಕ್ಕ. ಅಂದರೆ ಕಾರ್ಡು ಇವತ್ತೇ ಸುಡಬೇಕೆಂದಿಲ್ಲ. ಹಲವು ವರ್ಷ ಬರಬೇಕಾದದ್ದು ಒಂದೆರಡು ಬೇಸಿಗೆಗೇ ಮುಗಿಯಬಹುದು.

ಏಪ್ರಿಲ್ ತಿಂಗಳ ಪರೀಕ್ಷೆ

ಹೀಟ್‌ಸಿಂಕ್ ತನ್ನ ಸುತ್ತಲಿನ ಗಾಳಿಗಿಂತ ತಣ್ಣಗಾಗಲು ಸಾಧ್ಯವೇ ಇಲ್ಲ. ಗಾಳಿಗಿಂತ ಎಷ್ಟು ಹೆಚ್ಚು ಬಿಸಿ ಎಂಬುದನ್ನಷ್ಟೇ ಅದು ನಿರ್ಧರಿಸುತ್ತದೆ. ಹೊರದೇಶದ ವಿಡಿಯೊಗಳಲ್ಲಿ ಪರೀಕ್ಷೆ ನಡೆಯುವ ಕೋಣೆ ಬಹುಪಾಲು 20-22 ಡಿಗ್ರಿಯಲ್ಲಿರುತ್ತದೆ. ಅಲ್ಲಿ ಗಾಳಿಗಿಂತ 45 ಡಿಗ್ರಿ ಹೆಚ್ಚಾಗುವ ಕಾರ್ಡು 67 ಡಿಗ್ರಿ ತೋರಿಸುತ್ತದೆ, ನೋಡಿದವರು ಭೇಷ್ ಎನ್ನುತ್ತಾರೆ.

ಚಾಮರಾಜನಗರದಲ್ಲಿ ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ದಾಟುವುದು ಸಾಮಾನ್ಯ. ಶೀಟು ಹೊದಿಸಿದ ಅಂಗಡಿಯೊಳಗೆ ಇನ್ನೂ ಹೆಚ್ಚು. ಮುಚ್ಚಿದ ಕ್ಯಾಬಿನೆಟ್ ಒಳಗಿನ ಗಾಳಿ ಕೋಣೆಗಿಂತ 8-10 ಡಿಗ್ರಿ ಬಿಸಿಯಿದ್ದರೆ ಅಚ್ಚರಿಯಿಲ್ಲ. 36ಕ್ಕೆ 8 ಸೇರಿಸಿ, ಅದಕ್ಕೆ 45 ಸೇರಿಸಿದರೆ 89 ಡಿಗ್ರಿ. ಅದೇ ಕಾರ್ಡು, ಅದೇ ಹೀಟ್‌ಸಿಂಕ್, ಊರು ಮತ್ತು ತಿಂಗಳು ಮಾತ್ರ ಬೇರೆ. ಆದ್ದರಿಂದ ಡಿಸೆಂಬರ್‌ನಲ್ಲಿ ಚೆನ್ನಾಗಿ ನಡೆಯಿತು ಎಂಬುದು ಪುರಾವೆಯಲ್ಲ. ಏಪ್ರಿಲ್‌ನಲ್ಲಿ ಪಾಸಾದರೆ ಮಾತ್ರ ಪಾಸು.

ಬಿಸಿ ಗಾಳಿಗೂ ದಾರಿ ಬೇಕು

ಒಲೆಯ ಹೊಗೆಗೆ ಮೇಲೆ ಹೋಗಲು ಹೊಗೆಗೂಡು ಬೇಕಾದಂತೆ ಬಿಸಿ ಗಾಳಿಗೂ ಮೇಲೇರುವ ದಾರಿ ಬೇಕು. ಇಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ತೊಡಕಿದೆ. ನಿಲ್ಲಿಸಿದ ಕ್ಯಾಬಿನೆಟ್‌ನಲ್ಲಿ ಗ್ರಾಫಿಕ್ಸ್ ಕಾರ್ಡು ಅಡ್ಡಲಾಗಿ ಮಲಗಿರುತ್ತದೆ, ಅದರ ಹೀಟ್‌ಸಿಂಕ್ ಕೆಳಮುಖವಾಗಿರುತ್ತದೆ. ಫ್ಯಾನ್ ಇದ್ದಾಗ ಇದರಿಂದ ತೊಂದರೆಯಿಲ್ಲ. ಫ್ಯಾನ್ ಇಲ್ಲದಿದ್ದರೆ ಬಿಸಿ ಗಾಳಿ ಮೇಲೇರಲು ಹೋಗಿ ಕಾರ್ಡಿನ ಹಲಗೆಗೇ ತಾಗಿ ಅಲ್ಲೇ ನಿಲ್ಲುತ್ತದೆ. ತಗಡುಗಳು ನೆಟ್ಟಗೆ ನಿಂತು, ಅವುಗಳ ಮೇಲೂ ಕೆಳಗೂ ತೆರೆದಿದ್ದರೆ ಮಾತ್ರ ಗಾಳಿ ತಾನಾಗಿ ಚೆನ್ನಾಗಿ ಹರಿಯುತ್ತದೆ.

ಕಂಪ್ಯೂಟರ್ ಟೇಬಲ್ಲಿನ ಮರದ ಗೂಡಿನೊಳಗೆ ಕ್ಯಾಬಿನೆಟ್ ತಳ್ಳಿ ಬಾಗಿಲು ಹಾಕುವುದು ನಮ್ಮಲ್ಲಿ ತುಂಬ ಕಡೆ ಇರುವ ಅಭ್ಯಾಸ. ಫ್ಯಾನ್ ಇರಲಿ ಬಿಡಲಿ, ಇದು ಕಂಪ್ಯೂಟರಿಗೆ ಕಂಬಳಿ ಹೊದಿಸಿದಂತೆ.

ಕರಿಕಲ್ಲು, ಟೂತ್‌ಪೇಸ್ಟ್, ಫ್ರಿಜ್

ಈ ವಿಷಯದಲ್ಲಿ ಕೈಯಿಂದ ಕೈಗೆ ಹರಿದಾಡುವ ಕೆಲವು ನಂಬಿಕೆಗಳನ್ನೂ ನೋಡಿಬಿಡೋಣ.

ಕಲ್ಲಿನ ಮೇಲಿಟ್ಟರೆ ತಣ್ಣಗಾಗುತ್ತದೆ: ಚಾಮರಾಜನಗರದ ಕರಿಕಲ್ಲಿಗೆ ದೊಡ್ಡ ಹೆಸರಿದೆ, ಅದರ ಮೇಲೆ ಕೈಯಿಟ್ಟರೆ ತಂಪು ಅನಿಸುವುದೂ ನಿಜ. ಆದರೆ ನೆರಳಿನಲ್ಲಿರುವ ಕಲ್ಲಿನ ತಾಪ ಸುತ್ತಲಿನ ಗಾಳಿಯಷ್ಟೇ ಇರುತ್ತದೆ. ಮರಕ್ಕಿಂತ ಬೇಗ ನಮ್ಮ ಕೈಯ ಬಿಸಿಯನ್ನು ಎಳೆಯುವುದರಿಂದ ತಂಪು ಅನಿಸುತ್ತದೆ. ಬಿಸಿ ಹರಿಸುವ ಶಕ್ತಿಯ ಅಳತೆಯಲ್ಲಿ ಕಲ್ಲಿಗೆ ಸುಮಾರು 2ರಿಂದ 3 ಅಂಕ, ಅಲ್ಯೂಮಿನಿಯಂಗೆ 200ರ ಆಸುಪಾಸು, ತಾಮ್ರಕ್ಕೆ ಸುಮಾರು 400. ಲ್ಯಾಪ್‌ಟಾಪನ್ನು ಕಲ್ಲಿನ ಮೇಲೆ ಇಟ್ಟರೆ ಹಾಸಿಗೆಯ ಮೇಲೆ ಇಡುವುದಕ್ಕಿಂತ ಖಂಡಿತ ಒಳ್ಳೆಯದು. ಆದರೆ ಹೀಟ್‌ಸಿಂಕ್‌ನ ಕೆಲಸವನ್ನು ಕಲ್ಲು ಮಾಡಲಾರದು.

ಪೇಸ್ಟ್ ಇಲ್ಲದಿದ್ದರೆ ಟೂತ್‌ಪೇಸ್ಟ್ ಹಚ್ಚಿ: ಚಿಪ್ಪಿಗೂ ಹೀಟ್‌ಸಿಂಕ್‌ಗೂ ನಡುವೆ ಕಣ್ಣಿಗೆ ಕಾಣದ ಸಂದುಗಳಿದ್ದು ಅಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಗಾಳಿ ಬಿಸಿಯನ್ನು ಹರಿಸುವುದರಲ್ಲಿ ತುಂಬ ಸೋಮಾರಿ. ಥರ್ಮಲ್ ಪೇಸ್ಟ್ ಆ ಸಂದನ್ನು ತುಂಬುತ್ತದೆ. ಟೂತ್‌ಪೇಸ್ಟಿನಲ್ಲಿ ನೀರಿರುವುದರಿಂದ ಮೊದಲು ಕೆಲಸ ಮಾಡಿದಂತೆ ಕಂಡರೂ ಬಿಸಿಗೆ ಬೇಗ ಒಣಗಿ ಬಿರುಕು ಬಿಡುತ್ತದೆ.

ಕಪ್ಪು ಬಣ್ಣ ಬಳಿದರೆ ಹೆಚ್ಚು ತಣಿಯುತ್ತದೆ: ಇದರಲ್ಲಿ ಸ್ವಲ್ಪ ಸತ್ಯ ಇದೆ. ಹೊಳೆಯುವ ಲೋಹಕ್ಕಿಂತ, ಕಾರ್ಖಾನೆಯಲ್ಲಿ ಆನೊಡೈಸ್ ಮಾಡಿದ ಮೈ ವಿಕಿರಣದ ಮೂಲಕ ಹೆಚ್ಚು ಬಿಸಿ ಬಿಡುತ್ತದೆ. ಆದರೆ ಮನೆಯಲ್ಲಿ ದಪ್ಪಗೆ ಬಳಿದ ಪೇಂಟ್ ಸಂದುಗಳನ್ನು ಮುಚ್ಚಿ ಬಿಸಿಗೇ ಅಡ್ಡಿಯಾಗಬಹುದು.

ಬಿಸಿಯಾದ ಫೋನನ್ನು ಫ್ರಿಜ್‌ನಲ್ಲಿಡಿ: ಬೇಡವೇ ಬೇಡ. ತಣ್ಣಗಾದ ಫೋನನ್ನು ಹೊರತೆಗೆದಾಗ ಗಾಳಿಯ ತೇವ ಅದರ ಮೇಲೂ ಒಳಗೂ ಹನಿಯಾಗಿ ಕೂರಬಹುದು. ಕವರ್ ತೆಗೆದು, ಚಾರ್ಜರ್ ಬಿಡಿಸಿ, ನೆರಳಿನಲ್ಲಿ ಇಟ್ಟರೆ ಸಾಕು.

ಪ್ಯಾಸಿವ್ ಎಂದು ಬರೆದಿದ್ದರೆ ಸದ್ದಿಲ್ಲವೇ?

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಹಳೆಯ ಟೆಸ್ಲಾ ಸರಣಿಯ ಸರ್ವರ್ ಕಾರ್ಡುಗಳನ್ನು ಕೊಳ್ಳುವ ಮುನ್ನ ಎಚ್ಚರ. ಎಐ ಕಲಿಯಲು ಬೇಕೆಂದು ವಿದ್ಯಾರ್ಥಿಗಳು ಇವುಗಳತ್ತ ನೋಡುವುದುಂಟು. ಅವುಗಳ ವಿವರದಲ್ಲಿ ಪ್ಯಾಸಿವ್ ಎಂದೇ ಬರೆದಿರುತ್ತದೆ, ಮೇಲೆ ಫ್ಯಾನ್ ಕೂಡ ಇರುವುದಿಲ್ಲ. ಆದರೆ ಅವು 250 ವ್ಯಾಟ್‌ನ ಆಸುಪಾಸು ಎಳೆಯುವ ಕಾರ್ಡುಗಳು. ಅವುಗಳಿಗೆ ಬೇಕಾದ ಗಾಳಿಯನ್ನು ಸರ್ವರ್ ಪೆಟ್ಟಿಗೆಯ ದೊಡ್ಡ ಫ್ಯಾನ್‌ಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ನುಗ್ಗಿಸುತ್ತವೆ. ಮನೆಯ ಕ್ಯಾಬಿನೆಟ್‌ನಲ್ಲಿ ಹಾಗೇ ಕೂರಿಸಿದರೆ ಕೆಲಸ ಶುರುವಾದ ಕೆಲವೇ ನಿಮಿಷಗಳಲ್ಲಿ ಅವು ಬಿಸಿಯಾಗಿ ನಿಲ್ಲುತ್ತವೆ. ದೊಡ್ಡ ಯಂತ್ರಗಳಿಗೆ ಗಾಳಿಯೂ ಸಾಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರಿನಂಥ ವ್ಯವಸ್ಥೆಗಳಲ್ಲಿ ಬಿಸಿಯನ್ನು ಒಯ್ಯಲು ದ್ರವವನ್ನೇ ಹರಿಸುತ್ತಾರೆ.

ಧೂಳು ಮತ್ತು ಕರೆಂಟಿನ ಮಾತು

ಧೂಳಿನ ಮಾತು ಅರ್ಧ ನಿಜ ಎಂದೆವು. ಫ್ಯಾನ್ ಗಾಳಿಯ ಜೊತೆ ಧೂಳನ್ನೂ ಎಳೆಯುತ್ತದೆ. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಗೆ ಮುಖಮಾಡಿದ ಅಂಗಡಿಯಾದರೆ ಹೇಳುವುದೇ ಬೇಡ. ಫ್ಯಾನ್‌ರಹಿತ ಕಾರ್ಡಿನಲ್ಲಿ ತಿರುಗುವ ಭಾಗವಿಲ್ಲದ ಕಾರಣ ಬೇರಿಂಗ್ ಸವೆದು ಕರಕರ ಎನ್ನುವ ಪ್ರಶ್ನೆಯೂ ಇಲ್ಲ. ಇದು ನಿಜವಾದ ಲಾಭ. ಆದರೆ ಧೂಳು ಅದರ ಮೇಲೂ ನಿಧಾನವಾಗಿ ಕೂರುತ್ತದೆ, ಅದನ್ನು ಹಾರಿಸುವ ಗಾಳಿ ಇರುವುದಿಲ್ಲ. ಒರೆಸುವ ಕೆಲಸ ತಪ್ಪುವುದಿಲ್ಲ.

ಕರೆಂಟಿನ ಲೆಕ್ಕ ಸುಲಭ. ಕಾರ್ಡಿನ ಫ್ಯಾನ್ ಸುಮಾರು 3 ವ್ಯಾಟ್ ಬಳಸುತ್ತದೆ ಎನ್ನೋಣ. ದಿನಕ್ಕೆ 8 ಗಂಟೆಯಂತೆ 30 ದಿನ ಓಡಿದರೆ 720 ವ್ಯಾಟ್ ಗಂಟೆ, ಅಂದರೆ ಮುಕ್ಕಾಲು ಯೂನಿಟ್ಟೂ ಇಲ್ಲ. ಇದಕ್ಕಾಗಿ ಕಾರ್ಡನ್ನು ಪಣಕ್ಕಿಡುವುದು ಲಾಭದ ಮಾತಲ್ಲ.

ಹಾಗಾದರೆ ಸದ್ದು ಕಡಿಮೆ ಮಾಡುವುದು ಹೇಗೆ?

ಮೊದಲು ಕೇಳಿಕೊಳ್ಳಬೇಕಾದದ್ದು, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ನಿಮಗೆ ಬೇಕೇ? ನುಡಿಯಲ್ಲಿ ಟೈಪಿಂಗ್, ಬಿಲ್ಲಿಂಗ್, ಆನ್‌ಲೈನ್ ಅರ್ಜಿ, ಸಾಧಾರಣ ಡಿಟಿಪಿ ಕೆಲಸಗಳಿಗೆ ಪ್ರೊಸೆಸರಿನಲ್ಲೇ ಇರುವ ಗ್ರಾಫಿಕ್ಸ್ ಸಾಕು. ಕಾರ್ಡು ಬೇಡವಾದರೆ ಅದರ ಫ್ಯಾನೂ ಇಲ್ಲ, ಸದ್ದೂ ಇಲ್ಲ.

ಕಾರ್ಡು ಬೇಕೇ ಬೇಕೆಂದಾದರೆ ಒಂದು ಸುಲಭ ಗುರುತಿದೆ. ಮದರ್‌ಬೋರ್ಡಿನ ಸ್ಲಾಟ್ ಗರಿಷ್ಠ 75 ವ್ಯಾಟ್ ಕೊಡಬಲ್ಲದು. ಕಾರ್ಡಿಗೆ ಪ್ರತ್ಯೇಕ ಪವರ್ ಕೇಬಲ್ ಚುಚ್ಚಬೇಕಿದ್ದರೆ ಅದು 75 ವ್ಯಾಟ್ ಮೀರಬಲ್ಲ ಕಾರ್ಡು ಎಂದುಕೊಳ್ಳಿ, ಫ್ಯಾನ್‌ರಹಿತ ಆಸೆಯನ್ನು ಅಲ್ಲಿಗೇ ಬಿಡಿ. ಕಂಪನಿಯೇ ಫ್ಯಾನ್ ಇಲ್ಲದೆ ಮಾಡಿದ ಕಾರ್ಡು ಕೊಂಡರೂ ಕ್ಯಾಬಿನೆಟ್‌ನಲ್ಲಿ ನಿಧಾನವಾಗಿ ತಿರುಗುವ ಒಂದು ದೊಡ್ಡ ಫ್ಯಾನ್ ಇರಲಿ.

ಈಗಿರುವ ಕಾರ್ಡನ್ನೇ ಸುಮ್ಮನಾಗಿಸಲು ಈ ಕ್ರಮದಲ್ಲಿ ಹೋಗಿ:

1. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ಧೂಳು ಹಾರಿಸಿ. ಬ್ಲೋವರ್ ಬಳಸುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗೆ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು.

2. ಕ್ಯಾಬಿನೆಟನ್ನು ಗೂಡಿನಿಂದ ಹೊರಗೆ ತನ್ನಿ. ಗೋಡೆಯಿಂದ ಒಂದು ಗೇಣು ದೂರ ಇಡಿ.

3. ಕಾರ್ಡು ಹಳೆಯದಾಗಿದ್ದರೆ ತಿಳಿದವರಿಂದ ಥರ್ಮಲ್ ಪೇಸ್ಟ್ ಬದಲಿಸಿ.

4. ಕಾರ್ಡಿನ ಪವರ್ ಮಿತಿಯನ್ನು ಸಾಫ್ಟ್‌ವೇರ್‌ನಲ್ಲಿ ಸ್ವಲ್ಪ ಇಳಿಸಿ, ಗೇಮ್‌ನ ಫ್ರೇಮ್ ಸಂಖ್ಯೆಯನ್ನು 60ಕ್ಕೆ ಕಟ್ಟಿಹಾಕಿ. ವ್ಯಾಟ್ ಇಳಿದಷ್ಟೂ ಬಿಸಿ ಇಳಿಯುತ್ತದೆ, ಬಿಸಿ ಇಳಿದಷ್ಟೂ ಫ್ಯಾನ್ ನಿಧಾನವಾಗುತ್ತದೆ.

5. ಫ್ಯಾನನ್ನು ಕೀಳುವ ಬದಲು ನಿಧಾನಗೊಳಿಸಿ. ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಈಚಿನ ಹಲವು ಕಾರ್ಡುಗಳಲ್ಲಿ ಕೆಲಸ ಕಡಿಮೆಯಿದ್ದಾಗ ಫ್ಯಾನ್ ತಾನಾಗಿ ನಿಂತು, ಬಿಸಿಯೇರಿದಾಗ ತಿರುಗುವ ವ್ಯವಸ್ಥೆಯೂ ಇದೆ.

ಏನೇ ಬದಲಿಸಿದರೂ ಅರ್ಧ ಗಂಟೆ ನಿಜವಾದ ಕೆಲಸ ಕೊಟ್ಟು ತಾಪ ನೋಡಿ. ವಿಂಡೋಸ್ 10 ಅಥವಾ 11ರಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಭಾಗದಲ್ಲಿ ಜಿಪಿಯು ಒತ್ತಿದರೆ ಪ್ರತ್ಯೇಕ ಕಾರ್ಡಿನ ತಾಪ ಕಾಣುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಫ್ಯಾನ್ ಬೇಡ ಎನ್ನುವ ಸಂದೇಶವೋ ವಿಡಿಯೊವೋ ನಿಮ್ಮ ಗುಂಪಿಗೆ ಬಂದರೆ ಮೂರು ಪ್ರಶ್ನೆ ಕೇಳಿ. ಆ ಕಾರ್ಡು ಎಷ್ಟು ವ್ಯಾಟ್‌ನದು? ಪರೀಕ್ಷೆ ಮಾಡಿದ ಕೋಣೆ ಎಷ್ಟು ಡಿಗ್ರಿಯಲ್ಲಿತ್ತು? ಬಿಸಿ ಗಾಳಿ ಯಾವ ದಾರಿಯಲ್ಲಿ ಹೊರಹೋಗುತ್ತಿದೆ? ಮೂರಕ್ಕೂ ಉತ್ತರ ಇದ್ದರೆ ಅದು ಓದಲು ಯೋಗ್ಯವಾದ ಸಲಹೆ. ಒಂದಕ್ಕೂ ಇಲ್ಲದಿದ್ದರೆ ಮುಂದಕ್ಕೆ ಕಳುಹಿಸಬೇಡಿ. ಅದನ್ನು ನಂಬಿ ಫ್ಯಾನ್ ಬಿಚ್ಚುವವರು ನಿಮ್ಮ ಗುಂಪಿನಲ್ಲೇ ಇರಬಹುದು.